ಎದುರುಮನೆಯ ಸನ್ಮಾನ ಪತ್ರ

2024ರಲ್ಲಿ ನನಗೆ ಐವತ್ತಮೂರು ವರ್ಷ. ಶಾಲೆಯ ಮಾಸ್ತರಿಕೆಯಿಂದ ಸ್ವಯಂ ನಿವೃತ್ತಿ ಪಡೆದು ಸಿಂದಗಿಯ ಮನೆಯಲ್ಲಿ ಕುಳಿತು ಒಂದು ವರ್ಷವಾಗಿತ್ತು. ಆ ವರ್ಷದ ಸಂಗತಿಯನ್ನು ಇಂದು ಬರೆಯಲು ಕಾರಣ ಒಂದು ವಾಸನೆ. ಬೆಳಿಗ್ಗೆ ಪುಸ್ತಕದ ಕಪಾಟನ್ನು ಒರೆಸುವಾಗ, ನಾನೇ ಮುಖ ತಿರುಗಿಸಿ ಇಟ್ಟಿದ್ದ ಗಾಜಿನ ಚೌಕಟ್ಟೊಂದು ಕೈಗೆ ಬಂತು. ಅದರ ಕಟ್ಟಿಗೆಯಲ್ಲಿ ಔಡಲೆಣ್ಣೆಯ ವಾಸನೆ ಇನ್ನೂ ಉಳಿದಿತ್ತು...

ಅದು ಎದುರುಮನೆಯ ಅಕ್ಕನವರ ಕೈಯ ವಾಸನೆ. ಅವರ ಹಿರಿಯ ಮಗಳಿಗೆ ಹುಟ್ಟಿನಿಂದಲೇ ಮೆದುಳಿನ ಪಾರ್ಶ್ವವಾಯು. ಮೂವತ್ತು ದಾಟಿದ ಆ ಮಗಳನ್ನು ಎತ್ತಿ ಕೂಡಿಸುವುದು, ತುತ್ತು ಮಾಡಿ ಉಣಿಸುವುದು, ಬಿಗಿದ ಕೈಕಾಲುಗಳಿಗೆ ಬೆಚ್ಚಗಿನ ಎಣ್ಣೆ ತಿಕ್ಕುವುದು, ಎಲ್ಲವೂ ಅವರೊಬ್ಬರದೇ ಕೆಲಸ. ಗಂಡ ತೀರಿಕೊಂಡಿದ್ದರು, ಕಿರಿಯ ಮಗಳನ್ನು ತಾಳಿಕೋಟೆಗೆ ಕೊಟ್ಟಿದ್ದರು. ಮಗಳು ಮಲಗಿದಷ್ಟು ಹೊತ್ತು ರವಿಕೆ ಹೊಲಿಯುತ್ತಿದ್ದರು.

ಆ ವರ್ಷ ಓಣಿಯ ಮಂಡಳಿಯವರು ಅವರನ್ನು ಸತ್ಕರಿಸಲು ನಿಶ್ಚಯಿಸಿದರು. ಸನ್ಮಾನ ಪತ್ರ ಬರೆಯುವ ಹೊಣೆ ನನ್ನದಾಯಿತು. ನಾಲ್ಕು ದಿನ ತಿದ್ದಿದೆ. ‘ಎಳ್ಳಷ್ಟೂ ಪ್ರತಿಫಲವನ್ನು ಬಯಸದ, ಯಾರ ಮುಂದೆಯೂ ಕೈಚಾಚದ ಮಾತೃಹೃದಯ’ ಎಂಬ ಸಾಲು ಕೂಡಿಬಂದಾಗ ನನಗೇ ಹೆಮ್ಮೆಯೆನಿಸಿತ್ತು. ವೇದಿಕೆಯಲ್ಲಿ ಅದನ್ನು ಓದಿದಾಗ ಎರಡು ಬಾರಿ ಚಪ್ಪಾಳೆ ಬಿತ್ತು. ಅಕ್ಕನವರು ಶಾಲು ಹೊದ್ದು, ತೆಂಗಿನಕಾಯಿ ಹಿಡಿದು, ಬಾಗಿಲ ಕಡೆಗೇ ನೋಡುತ್ತಿದ್ದರು. ಮಗಳನ್ನು ನೆರೆಯವರ ಬಳಿ ಬಿಟ್ಟು ಬಂದಿದ್ದರು. ಮಂಡಳಿಯವರು ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಅವರ ಪಡಸಾಲೆಯಲ್ಲಿ ತಾವೇ ಮೊಳೆ ಹೊಡೆದು ತೂಗುಹಾಕಿದರು.

ಕೆಲವು ತಿಂಗಳ ಮೇಲೆ ಅಂಗವಿಕಲರ ಪುನರ್ವಸತಿ ಕಾರ್ಯಕರ್ತನೊಬ್ಬ ಆ ಮನೆಗೆ ಬಂದ. ಇಂಥವರನ್ನು ನೋಡಿಕೊಳ್ಳುವ ಮನೆಯವರಿಗೆ ಸರ್ಕಾರ ತಿಂಗಳು ತಿಂಗಳು ಆರೈಕೆ ಭತ್ಯೆ ಕೊಡುತ್ತದೆ, ಮಗಳ ಮಾಸಾಶನ ಬೇರೆ, ಇದು ನೋಡಿಕೊಳ್ಳುವವರದು ಎಂದು ಬಿಡಿಸಿ ಹೇಳಿ ಅರ್ಜಿ ನಮೂನೆ ಕೊಟ್ಟುಹೋದ. ಅಕ್ಕನವರ ಸೊಂಟ ಆಗಲೇ ಹಿಡಿದಿತ್ತು. ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದರು. ಆ ಹಣ ಬಂದಿದ್ದರೆ, ಮುಂಜಾನೆ ಮಗಳನ್ನು ಎತ್ತಿ ಜಳಕ ಮಾಡಿಸಲು ಒಬ್ಬ ಹೆಂಗಸನ್ನಾದರೂ ಕರೆದುಕೊಳ್ಳಬಹುದಿತ್ತು.

ಆದರೆ ನಳದ ಬಳಿ ಮಾತು ಹುಟ್ಟಿತು.

“ಹಡದ ಮಗಳ್ನ ನೋಡ್ಕೊಳ್ಳಾಕ ಪಗಾರ ತಗೋತಾಳಂತ. ಶಾಲು ವಾಪಸ್ ಕೊಡ್ತಾಳೇನು ಕೇಳ್ರಿ.”

ಅಕ್ಕನವರು ಅರ್ಜಿ ಹಿಡಿದು ನನ್ನಲ್ಲಿಗೆ ಬಂದರು. ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಕೇಳಿದರು.

“ಮಾಸ್ತರ, ನಾ ಇದನ್ನ ತಗೊಂಡ್ರ ನೀವು ಬರದದ್ದು ಸುಳ್ಳ ಆಗ್ತೈತೇನ್ರಿ?”

ಆಗುವುದಿಲ್ಲ ಎಂಬ ಒಂದೇ ಮಾತು ಸಾಕಾಗಿತ್ತು. ನನಗೆ ನೆನಪಾದದ್ದು ನನ್ನ ಸಾಲು, ಅದಕ್ಕೆ ಬಿದ್ದ ಚಪ್ಪಾಳೆ... “ನೋಡ್ರಿ ಅಕ್ಕಾರ, ಜರಾ ವಿಚಾರ ಮಾಡ್ರಿ” ಎಂದೆ. ನಮ್ಮ ಕಡೆ ಮಾಸ್ತರನೊಬ್ಬ ಹಾಗೆಂದರೆ ಬೇಡವೆಂದೇ ಅರ್ಥ. ಅದು ನನಗೂ ಗೊತ್ತಿತ್ತು.

“ಆತ್ರಿ” ಎಂದು ಅವರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೋದರು. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಮಗಳನ್ನು ಮಾತ್ರ ಎತ್ತುತ್ತಲೇ ಇದ್ದರು. ಬೆಳಗಿನ ಹೊತ್ತು ಆ ಮನೆಯಿಂದ ಕೇಳಿಬರುತ್ತಿದ್ದ ನರಳಿಕೆ ತಾಯಿಯದೋ ಮಗಳದೋ ತಿಳಿಯುತ್ತಿರಲಿಲ್ಲ...

2025ರ ಮಳೆಗಾಲದಲ್ಲಿ ಒಂದು ಮುಂಜಾನೆ ಮಗಳ ಹಾಸಿಗೆಯ ಪಕ್ಕದಲ್ಲಿಯೇ ಬಿದ್ದರು. ಸೊಂಟಕ್ಕೂ ಸಾವಿಗೂ ಸಂಬಂಧವಿಲ್ಲ, ನಿಂತದ್ದು ಹೃದಯ ಎಂದು ವೈದ್ಯರು ಹೇಳಿದರು. ಆ ಮಾತನ್ನು ನಾನು ಸಮಾಧಾನಕ್ಕಾಗಿ ಬಳಸಿಕೊಳ್ಳಲಾರೆ.

ಒಡಹುಟ್ಟಿದವಳನ್ನು ತಾಳಿಕೋಟೆಗೆ ಕರೆದೊಯ್ಯಲು ಬಂದ ಕಿರಿಯ ಮಗಳು, ಹೊರಡುವ ಮುನ್ನ ಚೌಕಟ್ಟನ್ನು ತಂದು ನನ್ನ ಮುಂದಿಟ್ಟಳು. ಅದರ ಬೆನ್ನಿಗೆ ಸಿಕ್ಕಿಸಿದ್ದ ಮಡಿಕೆಯ ಕಾಗದವನ್ನು ಬಿಡಿಸಿ ತೋರಿಸಿದಳು. ಅದೇ ಅರ್ಜಿ. ಸಹಿಯೊಂದನ್ನು ಬಿಟ್ಟು ಎಲ್ಲವೂ ತುಂಬಿತ್ತು.

“ಈ ಗಾಜಿನ ಕಟ್ಟ ನೀವ ಇಟ್ಕೋರಿ ಸರ್. ಅವ್ವ ಇದಕ್ಕ ಅಂಜಿ ಸಹಿ ಮಾಡ್ಲಿಲ್ಲ. ನಾ ಮಾಡಾಕಿ. ಹೊಸಾ ಅರ್ಜಿ ಬರದ ಕೊಡ್ರಿ, ನಿಮ್ಮ ಅಕ್ಷರ ಚೊಲೋ ಅದಾವಲ್ಲ.”

ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ತಿಳಿಯಲಿಲ್ಲ, ಇರಬೇಕಾಗಿತ್ತು. ಅಲ್ಲಿಯೇ ಕುಳಿತು ಬರೆದುಕೊಟ್ಟೆ. ಅಂದಿನಿಂದ ಸನ್ಮಾನ ಪತ್ರಕ್ಕೆಂದು ಯಾರಾದರೂ ಬಂದರೆ, ಭತ್ಯೆಗೆ ಅರ್ಜಿ ಹಾಕಿದ್ದಾರೆಯೇ ಎಂದು ಮೊದಲು ಕೇಳುತ್ತೇನೆ. ಕೇಳಲೇಬೇಕಾಗಿದ್ದ ಮನೆ ಈಗ ಬೀಗ ಹಾಕಿಕೊಂಡು ಎದುರಿಗೇ ಇದೆ.

ಭತ್ಯೆ ಮಂಜೂರಾಗಿದೆ. ಆದೇಶದ ಪ್ರತಿಯನ್ನು ಕಿರಿಯ ಮಗಳು ಮೊಬೈಲಿಗೆ ಕಳುಹಿಸಿದ್ದಳು; ಜೊತೆಗೆ ಬೇರೆ ಮಾತಿರಲಿಲ್ಲ. ‘ಆರೈಕೆ ಮಾಡುವವರ ಹೆಸರು’ ಎಂಬುದರ ಮುಂದೆ ಅವಳ ಹೆಸರಿದೆ. ಅಕ್ಕನವರ ಹೆಸರನ್ನು ಮೂರು ಬಾರಿ ಹುಡುಕಿದೆ... ಎಲ್ಲಿಯೂ ಇರಲಿಲ್ಲ. ಕೆಳಗೆ ದಿನಾಂಕವಿತ್ತು: 19 ಜನವರಿ 2026, ಸೋಮವಾರ.