ಒಂದ್ ಸುತ್ತು ಹೋಗ್ಬರೋಣ್ವಾ?

ಸಮೋರಾ ಊರಿನಲ್ಲಿ ಸಂಜೆಯಾದ ಮೇಲೆ ಮನೆಯೊಳಗೆ ಉಳಿಯುವವರು ಎರಡೇ ಬಗೆಯವರು: ಕಾಯಿಲೆ ಬಿದ್ದವರು, ಇಲ್ಲವೇ ಜೊತೆ ಇಲ್ಲದವರು. ವಿಯೊರಿಕ ಗುಂಡುಕಲ್ಲಿನ ಹಾಗಿದ್ದಳು. ರುಮೇನಿಯಾದಿಂದ ಬಂದು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟು ವರ್ಷಗಳೇ ಆಗಿದ್ದವು. ಊರಿನ ಅರ್ಧ ಜನರ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಆದರೇನು, ಊರಿಗೆ ಊರೇ ತೋಳಿಗೆ ತೋಳು ಸೇರಿಸಿಕೊಂಡು ಸಾಂತಾ ಕ್ಲಾರಾ ಬೀದಿಯಲ್ಲಿ ಅಡ್ಡಾಡುವ ಹೊತ್ತಿಗೆ ಅವಳು ಮಹಡಿಯ ಕಿಟಕಿಯಿಂದ ಅದನ್ನು ನೋಡುತ್ತ ನಿಲ್ಲುತ್ತಿದ್ದಳು. ಒಬ್ಬಳೇ ನಡೆದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಆ ಅಯ್ಯೋ ಪಾಪ ಅವಳಿಗೆ ಬೇಡವಾಗಿತ್ತು. ಜೊತೆಗೊಬ್ಬರು ಬೇಕಿತ್ತು, ಅಷ್ಟೇ.

ಮೀನಿನಂಗಡಿಯ ಬೆನಿಲ್ದೆ ಜೊತೆಯಾದಾಳು ಎಂಬ ಆಸೆ ಅವಳಿಗೆ ಹುಟ್ಟಿತ್ತು. ಬೆನಿಲ್ದೆಯ ದನಿ ಹೊಳೆಯಾಚೆಗೂ ಕೇಳುವಂಥದ್ದು. ಮೀನು ಕಟ್ಟಿಕೊಡುವಾಗಲೆಲ್ಲ, "ಯಾವತ್ತಾದ್ರೂ ಸಿಗೋಣ ಕಣೇ, ಕೂತು ಮಾತಾಡೋಣ!" ಎನ್ನುವಳು. ಒಮ್ಮೆ, "ಈ ಭಾನುವಾರ ನೋಡೋಣ" ಎಂದೂ ಅಂದಳು. ವಿಯೊರಿಕ ಅದನ್ನು ನಂಬಿದಳು. ಅಕ್ರೋಟು ತುಂಬಿದ ಸಿಹಿ ಬ್ರೆಡ್ ಬೇಯಿಸಿ, ಮೇಜುಬಟ್ಟೆಗೆ ಇಸ್ತ್ರಿ ಹಾಕಿ ಕಾದಳು. ಯಾರೂ ಬರಲಿಲ್ಲ. ಸೋಮವಾರ ಬೆನಿಲ್ದೆ ಏನೂ ಆಗದವಳಂತೆ ಮತ್ತೆ ಅದೇ ಮಾತು ಆಡಿದಾಗ ವಿಯೊರಿಕಳಿಗೆ ಮೈ ಉರಿದುಹೋಯಿತು.

ಉಳಿದ ಬ್ರೆಡ್ಡು ಮುದುಕ ಅಬಿಲಿಯೊ ಪಾಲಾಯಿತು. ನಿವೃತ್ತ ಅಂಚೆಯವನು, ಪ್ಯಾಂಟಿನ ಕಾಲು ಮೊಟಕು ಮಾಡಿಸಲು ಬಂದಿದ್ದ. ಕತೆ ಕೇಳಿ ತಿನ್ನುತ್ತಿದ್ದುದು ನೆತ್ತಿಗೇರುವಷ್ಟು ನಕ್ಕ.

"ನಿಜ ಅಂದ್ಕೊಂಡ್ಯಾ ತಾಯಿ? ಅದು ನಮ್ಮೋರ ಬಾಯಿಮಾತು. ನನ್ನ ಭಾಮೈದ 'ಸಿಗೋಣ ಸಿಗೋಣ' ಅಂತಾನೇ ಮುದುಕ ಆದ."

"ಮತ್ತೆ ನಿಜವಾಗ್ಲೂ ಕರೆಯೋದು ಹೇಗೆ ದೊನ್ ಅಬಿಲಿಯೊ?"

"ಎದುರಿಗೆ ಹೋಗಿ ನಿಂತು, ಈಗಲೇ ಅಂತ ಕರೀಬೇಕು. 'ದಾಮೊಸ್ ಉನಾ ಬುವೆಲ್ತಾ?' ಒಂದ್ ಸುತ್ತು ಹೋಗ್ಬರೋಣ್ವಾ ಅಂತ. ಕೋಟು ಹಾಕ್ಕೊಂಡೇ ಕೇಳು ಮತ್ತೆ. ಇಲ್ದಿದ್ರೆ ಅದನ್ನೂ ಬಾಯಿಮಾತು ಅಂದ್ಕೋತಾರೆ."

ವಿಯೊರಿಕ ಮಧ್ಯಾಹ್ನವೆಲ್ಲ ಹೊಲಿಗೆ ಯಂತ್ರದ ಸದ್ದಿನೊಳಗೆ ಆ ಮಾತನ್ನು ಮೆಲ್ಲಗೆ ಹೇಳಿಕೊಂಡಳು. ಸಂಜೆ ಕೋಟಿನ ಗುಂಡಿ ಕತ್ತಿನವರೆಗೂ ಹಾಕಿ ಮಾರುಕಟ್ಟೆಗೆ ನಡೆದಳು. ಇವತ್ತು ಇಲ್ಲ ಎಂದರೆ ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದಳು.

ಬೆನಿಲ್ದೆ ಮೀನಿನ ಕಟ್ಟೆಗೆ ನೀರು ಹೊಡೆಯುತ್ತಿದ್ದಳು. ವಿಯೊರಿಕ ಕಲಿತದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

"ಏನು, ಈಗ್ಲಾ?"

"ಈಗ್ಲೇ."

"ಮೈಯೆಲ್ಲ ಮೀನು ನಾರ್ತಿದೀನಿ ಕಣೇ!"

"ಗಾಳಿಗೆ ಹೋಗತ್ತೆ ಬಿಡು."

ಪಕ್ಕದ ಹಣ್ಣಿನಂಗಡಿಯವಳು ಕಿಸಕ್ಕನೆ ನಕ್ಕಳು. "ಬೆನಿಲ್ದೆಗೆ ಪುರುಸೊತ್ತೆಲ್ಲಿದೆಯಮ್ಮ? ಊರೆಲ್ಲ ಅವಳ ಗೆಳತಿಯರೇ."

ಬೆನಿಲ್ದೆ ನಲ್ಲಿ ನಿಲ್ಲಿಸಿದಳು. ಅವಳ ದನಿ ಇಷ್ಟು ತಗ್ಗಿದ್ದನ್ನು ಯಾರೂ ಕೇಳಿರಲಿಲ್ಲ.

"ಎಲ್ರೂ ಹಂಗೇ ಅಂದ್ಕೊಂಡಿದಾರೆ. ನನ್ ಗಂಡ ತೀರ್ಕೊಂಡ್ಮೇಲೆ ಸಂಜೆ ಹೊತ್ತು ಯಾರೂ ನನ್ನ ಕರೆದಿಲ್ಲ."

ಹಣ್ಣಿನಂಗಡಿಯವಳು ತಲೆ ತಗ್ಗಿಸಿದಳು. ಬೆನಿಲ್ದೆ ಬೆನ್ನ ಹಿಂದಿನ ಏಪ್ರನ್ ಗಂಟು ಬಿಚ್ಚಲು ಹೋದರೆ ಆತುರಕ್ಕೆ ಅದು ಇನ್ನಷ್ಟು ಬಿಗಿಯಾಯಿತು. ವಿಯೊರಿಕ ಮುಂದೆ ಬಂದು ಬಿಚ್ಚಿದಳು. ಗಂಟು ಬಿಡಿಸುವುದು ಅವಳ ಕಸುಬೇ ತಾನೆ.

ಸಾಂತಾ ಕ್ಲಾರಾ ಬೀದಿಯಲ್ಲಿ ಕೆಲವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಬೆನಿಲ್ದೆ ಅವರಿಗೆಲ್ಲ ಹೆಸರು ಹಿಡಿದು ಬೈದಳು. ವಿಯೊರಿಕಳಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಬೀದಿ ಮುಗಿದಲ್ಲಿ, ಒಂದು ಸುತ್ತು ಎಂದು ತಾನೇ ಕರೆದದ್ದಲ್ಲವೇ ಎಂದುಕೊಂಡು ಅವಳು ಸಂಕೋಚದಿಂದ ಮನೆಯ ಕಡೆ ತಿರುಗಿದಳು.

ಬೆನಿಲ್ದೆ ತೋಳು ಬಿಡಲಿಲ್ಲ. "ಎಲ್ಲಿಗೆ ಹೊರಟೆ? ನಿನ್ ಸುತ್ತು ಮುಗೀತು. ಈಗ ನಾನು ಕರೀತಿದೀನಿ."