ನಾಲ್ವರ ತೂಕ

ಹಾರುವ ಹಕ್ಕಿಯ ಹೊಟ್ಟೆಯನ್ನು ಎಲ್ಲರೂ ನೋಡಿರುತ್ತಾರೆ, ತಲೆ ಎತ್ತಿದರೆ ಸಾಕು. ಅದರ ಬೆನ್ನು ನೋಡಿದವರು ಕಡಿಮೆ. ಬಂದರಿನ ದೊಡ್ಡ ಕ್ರೇನು ನಡೆಸುವವನು ಅದನ್ನು ದಿನಬೆಳಗಾದರೆ ನೋಡುತ್ತಿದ್ದ. ಕಬ್ಬಿಣದ ಏಣಿ ಹತ್ತಿ ತನ್ನ ಗಾಜಿನ ಗೂಡಿನಲ್ಲಿ ಕೂತನೆಂದರೆ ಬಿಳಿ ಹಕ್ಕಿಗಳು ಅವನ ಪಾದದ ಕೆಳಗೆ ತೇಲಿಕೊಂಡು ಹೋಗುವವು. ರೆಕ್ಕೆಗಳ ನಡುವಿನ ಬೂದು ಬಣ್ಣ, ಗಾಳಿಗೆ ಕೆದರಿದ ಒಂದೊಂದು ಗರಿಯೂ ಕಣ್ಣಿಗೆ ಬೀಳುವುದು. ದೂರದ ಹಡಗು ಊರಿಗೆಲ್ಲ ಕಾಣುವ ಮೊದಲೇ ಅವನಿಗೆ ಕಾಣುವುದು. ಕೆಳಗಿನ ಬೈಗುಳ, ಕೂಗಾಟ, ನಗು ಯಾವುದೂ ಅಷ್ಟು ಎತ್ತರಕ್ಕೆ ಬರುತ್ತಿರಲಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಬಂದರಿನ ಅಂಗಳದಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೇಲಿನಣ್ಣ ಎಂದರೆ ಮುಗಿಯಿತು. ಹರೆಯದಲ್ಲಿ ಮೂಟೆ ಹೊತ್ತು, ಆಮೇಲೆ ಸರಕಿಗೆ ಕೊಕ್ಕೆ ಸಿಕ್ಕಿಸುವ ಕೆಲಸ ಮಾಡಿ, ನೋಡಿ ನೋಡಿಯೇ ಕ್ರೇನು ಕಲಿತವನು. ನಿದ್ದೆ ಹೋದ ಕೂಸನ್ನು ತೋಳಿನಿಂದ ಹಾಸಿಗೆಗೆ ಇಳಿಸುವ ಹಾಗೆ ಕಂಟೇನರನ್ನು ಹಡಗಿನಿಂದ ಎತ್ತಿ ಲಾರಿಯ ಮೇಲೆ ಇಡುತ್ತಿದ್ದ. ಧಡ್ ಎಂಬ ಒಂದು ಸದ್ದಿಲ್ಲ. ಆ ಜಂಬ ಮನೆಯವರೆಗೂ ಬರುತ್ತಿತ್ತು. "ಇಲ್ಲೂ ಮೇಲೇ ಕೂತಿರ್ತೀರಲ್ಲ, ಸ್ವಲ್ಪ ಇಳಿದು ಬಂದು ಈರುಳ್ಳಿ ಹೆಚ್ಚಿಕೊಡಿ" ಎಂದು ಹೆಂಡತಿ ಚುಚ್ಚುವಳು.

ಕೂತೇ ಮಾಡುವ ಕೆಲಸ. ಒಮ್ಮೆ ಹತ್ತಿದರೆ ಪಾಳಿ ಮುಗಿಯುವವರೆಗೆ ಇಳಿಯುವಂತಿಲ್ಲ. ಹಸಿವಾದರೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುವನು, ಕ್ಯಾಂಟೀನಿನವರು ಅದರಲ್ಲಿ ಬನ್ನು, ಕರಿದ ತಿಂಡಿ, ಸಕ್ಕರೆ ಸುರಿದ ಟೀ ಇಟ್ಟು ಕಳಿಸುವರು. ಬುಟ್ಟಿ ತುಂಬಿ ಮೇಲೆ ಬರುವುದು, ಖಾಲಿಯಾಗಿ ಕೆಳಗೆ ಹೋಗುವುದು. ಹೀಗೆ ವರ್ಷಗಳು ಉರುಳಿದ ಹಾಗೆ ಅವನೂ ಉರುಟಾದ. ಏಣಿಯ ಸುತ್ತ ಬೀಳದಂತೆ ಹಾಕಿದ ಕಬ್ಬಿಣದ ಬಳೆಗಳು ಮೊದಲು ಬೆನ್ನಿಗೆ ತಾಗಿದವು, ಆಮೇಲೆ ಅಂಗಿ ಹರಿದವು.

ವರ್ಷದ ತಪಾಸಣೆಯಲ್ಲಿ ಕಂಪನಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಲೆ ನಿನಗೆ ಹೆಚ್ಚುಕಮ್ಮಿ ಆದ್ರೆ ಸೊಂಟಕ್ಕೆ ಪಟ್ಟಿ ಕಟ್ಟಿ ಹಗ್ಗದಲ್ಲಿ ಇಳಿಸ್ಬೇಕು. ಆ ಪಟ್ಟಿ ತಡೆಯೋ ಭಾರ ಇಷ್ಟೇ ಅಂತಿದೆ. ನೀನು ಅದನ್ನ ದಾಟಿದ್ದೀಯ."

"ಇಷ್ಟು ವರ್ಷ ಏನೂ ಆಗ್ಲಿಲ್ವಲ್ಲ, ಡಾಕ್ಟ್ರೇ."

"ಆ ಕತೆಯೆಲ್ಲ ಪಟ್ಟಿಗೆ ಗೊತ್ತಿಲ್ವಲ್ಲ. ಮುಂದಿನ ತಪಾಸಣೆಗೆ ಇಳಿಸ್ಕೊಂಡು ಬಾ, ನಾನೇ ಸಹಿ ಹಾಕಿ ಹತ್ತಿಸ್ತೀನಿ. ಇಲ್ದಿದ್ರೆ ಆ ಕುರ್ಚಿ ಬೇರೆಯವರಿಗೆ ಖಾಯಂ ಆಗುತ್ತೆ. ಮಧ್ಯೆ ಒಂದ್ಸಲ ಬಂದು ಮುಖ ತೋರಿಸ್ಕೊಂಡು ಹೋಗು."

ಮೇಲಿನಣ್ಣನನ್ನು ಉಗ್ರಾಣಕ್ಕೆ ಹಾಕಿದರು. ಹಗ್ಗ, ಕೊಕ್ಕೆ, ಗ್ರೀಸಿನ ಡಬ್ಬಿ ಎಣಿಸಿ ಕೊಡುವ ಕೆಲಸ. ಅಲ್ಲಿಯ ಒಂದೇ ಕಿಟಕಿಯಿಂದ ಕ್ರೇನು ಕಾಣುತ್ತಿರಲಿಲ್ಲ. ಅದರ ತೋಳಿನ ನೆರಳು ಮಾತ್ರ ನೆಲದ ಮೇಲೆ ಹಾದು ಹೋಗುವುದು. ನೆರಳು ಒಳಗೆ ಬಂದಾಗಲೆಲ್ಲ ಕೊಕ್ಕೆ ಕೊಡುತ್ತಿದ್ದ ಅವನ ಕೈ ಅಲ್ಲೇ ನಿಲ್ಲುವುದು. ಬದಲಿಯವನು ಸರಕನ್ನು ತೂಗಾಡಿಸುತ್ತಿದ್ದಾನೆಂದು ನೆರಳು ನೋಡಿಯೇ ತಿಳಿಯುವುದು. ಮೇಲಿನಣ್ಣ ಎಂದು ಯಾರಾದರೂ ಕರೆದರೆ ಈಗ ಬೈದ ಹಾಗೆ ಕೇಳಿಸುತ್ತಿತ್ತು.

ಒಬ್ಬನೇ ಹಟ ಹಿಡಿದು ನೋಡಿದ. ಬೆಳಿಗ್ಗೆ ಎದ್ದು ಬೀದಿಯ ಕೊನೆಯವರೆಗೆ ನಡೆದ; ಮೂರನೆಯ ದಿನ ಚಪ್ಪಲಿ ಕಚ್ಚಿತೆಂದು ಬಿಟ್ಟ. ರಾತ್ರಿಯ ಊಟ ಬಿಟ್ಟ. ಬಿಟ್ಟದ್ದಕ್ಕೆ ಬಡ್ಡಿ ಸೇರಿಸಿ ಬೆಳಿಗ್ಗೆ ತಿಂದ. "ನಿಮ್ಮ ಹಟ ಹಾಲು ಉಕ್ಕಿದ ಹಾಗೆ. ಉರಿ ತಗ್ಗಿದ್ರೆ ಅಲ್ಲೇ ಕೂತ್ಕೊಳ್ಳುತ್ತೆ" ಎಂದಳು ಹೆಂಡತಿ. ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಅವನನ್ನು ಹಿಡಿದು ಎಬ್ಬಿಸಿದವಳು ತೂಕದಕ್ಕ. ಬಂದರಿನಿಂದ ಹೊರಗೆ ಹೋಗುವ ಲಾರಿಗಳನ್ನು ಸರಕಿನ ಸಮೇತ ನಿಲ್ಲಿಸಿ ತೂಗುವ ಕಬ್ಬಿಣದ ಹಾಸೊಂದಿದೆ, ವೇಬ್ರಿಡ್ಜ್ ಎನ್ನುತ್ತಾರೆ. ಅದರ ಪಕ್ಕದ ಕೋಣೆಯಲ್ಲಿ ಕೂತು ತಲೆ ನೆರೆಯಿಸಿಕೊಂಡವಳು ಅವಳು. ಕೆಲಸ ಬಿಟ್ಟು ಹೋಗುವಾಗ ಅವನು ದಿನಾ ಅಲ್ಲಿ ನಿಂತು ಕತ್ತು ನೋಯುವವರೆಗೆ ಕ್ರೇನು ನೋಡುವುದನ್ನು ಕಂಡಿದ್ದಳು.

"ಹಾಗೆ ನೋಡಿದ್ರೆ ಅದು ಇಳಿದು ಬಂದು ನಿನ್ನನ್ನ ಎತ್ಕೊಂಡು ಹೋಗುತ್ತಾ, ತಮ್ಮಾ? ಬಾ, ಅಂಗಳ ಸುತ್ತೋಣ. ನನಗೂ ಬೇಕಾಗಿದೆ."

"ನಿಮಗ್ಯಾಕಕ್ಕ?"

"ಮಗಳ ಮನೆ ಮೂರನೇ ಮಹಡಿ. ಮೆಟ್ಟಿಲು ಹತ್ತಿ ಬಾಗಿಲು ತಟ್ಟೋ ಹೊತ್ತಿಗೆ ನನ್ನ ಹತ್ರ ಉಸಿರೇ ಇರಲ್ಲ. ಅವಳು ಬಾಗಿಲು ತೆಗೆದಾಗ ಅವಳ ಹೆಸರು ಹಿಡಿದು ಕರೀಬೇಕು ಅಂತ ಆಸೆ. ಈಗ ಬರೀ ಕೈ ಆಡಿಸ್ತೀನಿ, ಮೂಗಿಯ ಹಾಗೆ."

ಇಬ್ಬರು ಮೂವರಾದರು, ಮೂವರು ನಾಲ್ವರಾದರು. ಮೂರನೆಯವನು ಕ್ಯಾಂಟೀನಿನ ಅಡುಗೆಯವನು, ಎಲ್ಲರಿಗೂ ಮಾವ. ರುಚಿ ನೋಡಿ ನೋಡಿಯೇ ಎರಡಾಳಾದವನು. ನಾಲ್ಕನೆಯವನು ಗೇಟು ಕಾಯುವವನು. ಎದೆಯುಬ್ಬಿಸಿ ಕೋಲು ಹಿಡಿದು ನಿಲ್ಲುವ ಠೀವಿಗೆ ಅವನನ್ನು ದೊರೆ ಎನ್ನುತ್ತಿದ್ದರು. ಈಚೆಗೆ ಎದೆಗಿಂತ ಕೆಳಗಿನದೇ ಹೆಚ್ಚು ಉಬ್ಬಿ, ಸಮವಸ್ತ್ರದ ಗುಂಡಿಯೊಂದು ಅಧಿಕಾರಿಯ ಎದುರಿಗೇ ಹಾರಿ ಬಿದ್ದಿತ್ತು.

ಉಗ್ರಾಣದಲ್ಲಿ ಮೂಟೆ ತೂಗುವ ತಕ್ಕಡಿಯಿತ್ತು. ಒಬ್ಬೊಬ್ಬರೇ ಹತ್ತಿ ನೋಡೋಣವೆಂದರೆ ಮೇಲಿನಣ್ಣ ಮುಖ ಕಿವುಚಿದ. ಎಲ್ಲರ ಕಣ್ಣೆದುರು ಮುಳ್ಳು ಸರ್ರನೆ ತಿರುಗುವುದು ಅವನಿಗೆ ಬೇಡವಾಗಿತ್ತು. "ಅದು ಕೆಟ್ಟಿದೆ" ಎಂದುಬಿಟ್ಟ.

"ಹಾಗಾದ್ರೆ ಲಾರಿ ನಿಲ್ಲೋ ಜಾಗದಲ್ಲಿ ನಾವೇ ನಿಂತ್ರೆ?" ಎಂದ ದೊರೆ.

ಕೊನೆಯ ಲಾರಿ ಹೋದ ಮೇಲೆ ನಾಲ್ವರೂ ಕಬ್ಬಿಣದ ಹಾಸಿನ ಮೇಲೆ ಸಾಲಾಗಿ ನಿಂತರು. ಗೋಡೆಯ ಮೇಲೆ ಕೆಂಪು ಅಂಕಿ ಬೆಳಗಿತು.

"ಸರಕು ಏನು ಅಂತ ಬರೀಲಿ?" ಎಂದಳು ತೂಕದಕ್ಕ.

"ಬೊಜ್ಜು ಅಂತ ಬರೀರಿ" ಎಂದ ಮಾವ. "ಇಳಿಸೋ ಜಾಗ, ಇದೇ ಅಂಗಳ."

ಅದೇ ಅವರ ಪದ್ಧತಿಯಾಯಿತು. ದಿನಾ ಸಂಜೆ ಕಂಟೇನರುಗಳ ಸಾಲನ್ನು ಬಳಸಿ ಅಂಗಳ ಸುತ್ತುವುದು, ವಾರಕ್ಕೊಮ್ಮೆ ಒಟ್ಟಾಗಿ ನಿಂತು ತೂಗುವುದು. ಆ ಯಂತ್ರ ಲಾರಿಗೆಂದು ಮಾಡಿದ್ದು. ಹತ್ತು ಕಿಲೋಗಿಂತ ಸಣ್ಣದು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ವಾರಗಟ್ಟಲೆ ಅಂಕಿ ಅಲುಗದೆ ಕೂತಿರುತ್ತಿತ್ತು, ಮತ್ತೆ ಒಂದು ಸಂಜೆ ಇದ್ದಕ್ಕಿದ್ದಂತೆ ಹತ್ತು ಇಳಿಯುತ್ತಿತ್ತು. ಮೊದಲ ಸಲ ಇಳಿದಾಗ ದೊರೆ ಕೋಲು ಎತ್ತಿ ಕುಣಿದ. ಮಾವ ಸೌತೆಕಾಯಿ ಹೋಳು ಹಂಚಿ, "ಇದನ್ನೇ ಬನ್ನು ಅಂದ್ಕೊಳ್ಳಿ" ಎಂದು ಮುಖ ಹುಳ್ಳಗೆ ಮಾಡಿದ.

ಮೇಲಿನಣ್ಣನ ಎದೆ ಹಗುರವಾಯಿತು. ಅಂಕಿ ಇಳಿದಷ್ಟೂ ಏಣಿ ಹತ್ತಿರ ಬಂದ ಹಾಗೆ ಕಾಣುತ್ತಿತ್ತು. ನಡೆಯುವಾಗಲೂ ಅವನ ಕಣ್ಣು ಮೇಲೆಯೇ. "ಕೆಳಗೆ ನೋಡ್ಕೊಂಡು ನಡಿ, ಎಡವಿ ಬಿದ್ರೆ ನಿನ್ನನ್ನ ಎತ್ತೋಕೆ ಆ ಕ್ರೇನೇ ಬರ್ಬೇಕು" ಎಂದು ಅಕ್ಕ ಗದರುವಳು. ಮಧ್ಯಾಹ್ನ ಉಗ್ರಾಣದ ಕಪಾಟಿನಲ್ಲಿ, ಗ್ರೀಸಿನ ಡಬ್ಬಿಗಳ ಹಿಂದೆ, ಮನೆಯಿಂದ ಬರುವ ದಾರಿಯಲ್ಲಿ ಕೊಂಡ ಬನ್ನಿನ ಪೊಟ್ಟಣವೊಂದು ಇರುತ್ತಿತ್ತು. ಅದು ತಪ್ಪೆಂದು ಅವನಿಗೆ ಅನಿಸಲಿಲ್ಲ. ಹೇಗೂ ಅಂಕಿ ಇಳಿಯುತ್ತಿದೆಯಲ್ಲ. ಒಂದು ಬನ್ನಿಗೆ ಅದೇನು ಹೆದರುತ್ತದೆಯೇ? ನಾಲ್ವರಲ್ಲಿ ಯಾರು ಎಷ್ಟು ಇಳಿದರೆಂದು ಆ ಯಂತ್ರ ಹೇಳುತ್ತಿರಲಿಲ್ಲ. ಅವನೂ ಕೇಳಲಿಲ್ಲ.

ನಡುವೆ ಮುಖ ತೋರಿಸಲು ಡಾಕ್ಟರ ಬಳಿ ಹೋದಾಗ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಡಾಕ್ಟರು ತೂಗಿದರು. ಮತ್ತೊಮ್ಮೆ ತೂಗಿದರು.

"ನಡೀತಿದ್ದೀಯ ಅಂದೆಯಲ್ಲ?"

"ದಿನಾ, ಡಾಕ್ಟ್ರೇ."

"ಹೋದ ಸಲಕ್ಕಿಂತ ಕೂದಲೆಳೆಯಷ್ಟು ಇಳಿದಿದ್ದೀಯ, ಅಷ್ಟೇ."

ಅವನು ಚಪ್ಪಲಿ ಹಾಕಿಕೊಂಡ. ಎಡದ್ದನ್ನು ಬಲಗಾಲಿಗೆ ಹಾಕಿಕೊಂಡದ್ದು ಬೀದಿಗೆ ಬಂದ ಮೇಲೆ ತಿಳಿಯಿತು.

ಆ ಸಂಜೆ ಅವನು ಅಂಗಳಕ್ಕೆ ಬರಲಿಲ್ಲ. ಉಗ್ರಾಣದ ಹಗ್ಗದ ಸುರುಳಿಗಳ ಮೇಲೆ ಕೂತಿದ್ದ. ಹುಡುಕಿಕೊಂಡು ಮೂವರೂ ಬಂದರು.

"ಏನಯ್ಯಾ, ದೊಡ್ಡ ಮನುಷ್ಯ ಆಗ್ಬಿಟ್ಯಾ? ನಾವು ಕಾಯ್ತಾ ನಿಂತಿದ್ದೀವಿ" ಎಂದ ದೊರೆ.

"ನಾನು ಇಳಿದೇ ಇಲ್ಲ" ಎಂದ ಮೇಲಿನಣ್ಣ. ಕಪಾಟು ತೆರೆದು ಬನ್ನಿನ ಪೊಟ್ಟಣ ತೆಗೆದು ನೆಲದ ಮೇಲಿಟ್ಟ. "ಇಳಿದಿದ್ದೆಲ್ಲ ನೀವು. ಬೆವರು ನಿಮ್ಮದು, ಖುಷಿ ಮಾತ್ರ ನನ್ನದು. ನಿಮ್ಮ ಹೆಗಲ ಮೇಲೆ ಕೂತ್ಕೊಂಡು ನಾನೂ ನಡೀತಿದ್ದೀನಿ ಅಂದ್ಕೊಂಡಿದ್ದೆ."

ಮಾವನಿಗೆ ಸಿಟ್ಟು ಬಂತು. "ನಾನು ಅಡುಗೆಮನೇಲಿ ಬಾಯಿಗೆ ಬೀಗ ಹಾಕ್ಕೊಂಡು ಸಾಯ್ತಿದ್ದೀನಿ. ಉಪ್ಪು ನೋಡೋಕೂ ಬೇರೆಯವರನ್ನ ಕರೀತೀನಿ. ಯಾರಿಗೋಸ್ಕರ ಅಂದ್ಕೊಂಡೆ? ನೀನು ಮೇಲೆ ಹೋಗ್ಲಿ ಅಂತ ಕಣೋ!" ಎಂದು ಪೊಟ್ಟಣವನ್ನು ಕಾಲಿನಿಂದ ದೂಡಿದ.

ಆಮೇಲೆ ತೂಕದಕ್ಕ ಸುರುಳಿಯ ಅಂಚಿನಲ್ಲಿ ಅವನ ಪಕ್ಕ ಕೂತಳು.

"ತಪ್ಪು ನಂದೂ ಇದೆ. ಜೀವನವಿಡೀ ಲಾರಿ ತೂಗಿದೋಳು. ಖಾಲಿ ಲಾರಿ ಬೇರೆ ತೂಗದೆ ಸರಕಿನ ತೂಕ ಸಿಗಲ್ಲ ಅಂತ ಗೊತ್ತಿದ್ದೂ ನಾಲ್ಕು ಲಾರಿ ಒಟ್ಟಿಗೆ ನಿಲ್ಲಿಸಿ ಕುಣಿದೆ. ನಿನಗೆ ನಾಚಿಕೆ ಆಗುತ್ತೆ ಅಂತ ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು."

ಅವನು ಎದ್ದು ಮೂಟೆಯ ತಕ್ಕಡಿಯ ಮೇಲಿನ ಗೋಣಿಬಟ್ಟೆ ಸರಿಸಿದ.

"ಕೆಟ್ಟಿದೆ ಅಂದಿದ್ಯಲ್ಲ?" ಎಂದ ದೊರೆ.

"ಕೆಟ್ಟಿಲ್ಲ."

"ಸರಿ, ನಾವು ಆ ಕಡೆ ತಿರುಗ್ತೀವಿ. ನೀನೇ ಓದ್ಕೋ."

"ಬೇಡ. ನೋಡಿ" ಎಂದು ಮೇಲಿನಣ್ಣ ತಕ್ಕಡಿ ಹತ್ತಿದ. ಮುಳ್ಳು ಸರ್ರನೆ ತಿರುಗಿ, ನಡುಗಿ, ನಿಂತಿತು. ಮೂವರೂ ಬಗ್ಗಿ ನೋಡಿದರು. ಯಾರೂ ನಗಲಿಲ್ಲ. ಮಾವ ಮಾತ್ರ, ಇನ್ನೂ ಮುಖ ಊದಿಸಿಕೊಂಡೇ, "ನಾಳೆಯಿಂದ ನಿನ್ನ ಮಧ್ಯಾಹ್ನದ ತಟ್ಟೆ ನನ್ನ ಕೈಯಿಂದ ಬರುತ್ತೆ. ಬೇರೆ ಏನಾದ್ರೂ ಬಾಯಿಗೆ ಹಾಕಿದ್ರೆ ಕೈ ಮುರೀತೀನಿ" ಎಂದ.

ಅಲ್ಲಿಂದ ಮುಂದಿನದು ಸುಲಭವಾಗಿರಲಿಲ್ಲ. ಹಸಿವು ನಾಯಿಮರಿಯ ಹಾಗೆ ಕಾಲು ಸುತ್ತುತ್ತಿತ್ತು. ಜಡಿಮಳೆಯ ಸಂಜೆಗಳಲ್ಲಿ ಇವತ್ತೊಂದು ದಿನ ಬೇಡವೆಂದು ಅವನು ಗೇಟಿನತ್ತ ಜಾರಿದರೆ ದೊರೆ ಕೋಲು ಅಡ್ಡ ಹಿಡಿಯುವನು: "ಸುತ್ತು ಮುಗಿಸಿದವರಿಗೆ ಮಾತ್ರ ಗೇಟು. ನಿನ್ನ ಹೆಂಡ್ತಿ ಬಂದು ಕೇಳಿದ್ರೂ ತೆಗೆಯಲ್ಲ." ದೊರೆಗೆ ಬೇಸರವಾದ ದಿನ ಮೇಲಿನಣ್ಣನೇ ಅವನ ತೋಳು ಹಿಡಿದು ಎಳೆಯುವನು. ಗಂಟೆಗಟ್ಟಲೆ ಒಬ್ಬನೇ ಕೂತು ರೂಢಿಯಾದವನಿಗೆ ನಡೆಯುತ್ತಾ ಮಾತಾಡುವುದು ಹೊಸದು. ಮಾವ ತೀರಿಹೋದ ಹೆಂಡತಿಯ ಕೈರುಚಿಯನ್ನು ಇನ್ನೂ ಹುಡುಕುತ್ತಿರುವುದನ್ನೂ, ದೊರೆ ಕುದುರೆಗೆ ಹೆದರುವುದನ್ನೂ ಅವನು ಅಲ್ಲೇ ತಿಳಿದ. ಒಂದು ಸಂಜೆ ತೂಕದಕ್ಕ ಬರುವಾಗಲೇ ಕಣ್ಣೊರೆಸಿಕೊಂಡು ಬಂದಳು. "ಕರೆದೆ ಕಣ್ರೋ" ಎಂದಳು. "ಬಾಗಿಲು ತೆಗೀತಿದ್ದ ಹಾಗೇ ಹೆಸರು ಹಿಡಿದು ಕರೆದೆ. ಅವಳು, ಅಮ್ಮಾ ಲಿಫ್ಟು ಹಾಕಿಸಿದ್ರಾ ಅಂತ ಕೇಳಿದ್ಲು!" ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಮೇಲಿನಣ್ಣ ಕ್ರೇನಿನತ್ತ ನೋಡಿದ. ಅಕ್ಕನ ಬಾಗಿಲು ತೆರೆದಿತ್ತು. ಅವನದು ಇನ್ನೂ ಅಲ್ಲಿ, ಮೋಡದ ಬುಡದಲ್ಲಿ ಮುಚ್ಚಿಕೊಂಡು ನಿಂತಿತ್ತು.

ತಪಾಸಣೆಯ ದಿನ ಅವನು ಇಸ್ತ್ರಿ ಅಂಗಿ ಹಾಕಲಿಲ್ಲ. ಡಾಕ್ಟರು ತೂಗಿದರು, ಮತ್ತೊಮ್ಮೆ ತೂಗಿದರು, ಪೆನ್ನಿನ ಮುಚ್ಚಳ ತೆಗೆದರು.

ಏಣಿಯ ಬಳೆಗಳು ಈಗ ಬೆನ್ನಿಗೆ ತಾಗಲಿಲ್ಲ. ಗಾಜಿನ ಗೂಡಿನ ಬಾಗಿಲು ತೆರೆದಾಗ ಅದೇ ಎಣ್ಣೆಯ ವಾಸನೆ, ಅದೇ ಸವೆದ ಹಿಡಿ. ಬದಲಿಯವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದ. ಅದನ್ನು ಹಿಂದಕ್ಕೆ ತಳ್ಳಿ ಕೂತ. ಬಿಳಿ ಹಕ್ಕಿಯೊಂದು ಪಾದದ ಕೆಳಗೆ ತೇಲಿತು. ರೆಕ್ಕೆಗಳ ನಡುವೆ ಆ ಬೂದು ಬಣ್ಣ ಹಾಗೇ ಇತ್ತು.

ಅವನಿಗೆ ಸಿಕ್ಕಿದ್ದು ಸಂಜೆಯ ಪಾಳಿ. ಮೊದಲ ದಿನವೇ, ಬೆಳಕು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ, ಕೆಳಗೆ ಮೂರು ತಲೆಗಳು ಕಾಣಿಸಿಕೊಂಡವು. ಒಂದು ಬಿಳಿ ಟೋಪಿ, ಒಂದು ಬೋಳು, ಒಂದು ನೆರೆತ ಗಂಟು. ಮೊದಲು ಅವರು ವೇಬ್ರಿಡ್ಜಿನ ಮೇಲೆ ಹೋಗಿ ನಿಂತರು. ಅಂದು ತೂಗುವ ದಿನ; ಒಬ್ಬೊಬ್ಬರೇ ತಕ್ಕಡಿ ಹತ್ತತೊಡಗಿದ ಮೇಲೂ ಆ ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ಹಳೆಯ ಅಂಕಿ ಕೆಡಬಾರದೆಂದು ಅವನ ಜಾಗಕ್ಕೆ ಉಗ್ರಾಣದಿಂದ ಸಿಮೆಂಟಿನ ಮೂಟೆಗಳನ್ನು ಉರುಳಿಸಿ ತಂದಿದ್ದರು. ಕೆಂಪು ಅಂಕಿ ಅಷ್ಟು ದೂರದಿಂದ ಓದಲು ಬರಲಿಲ್ಲ. ಎಷ್ಟು ಬಂತೋ ಎಂದು ಅವನು ಗಾಜಿಗೆ ಹಣೆ ಹಚ್ಚಿದ.

ಆಮೇಲೆ ನಡಿಗೆ. ಎಡಗಡೆ ಎಂದೂ ಅವನ ಜಾಗ. ಅಭ್ಯಾಸಬಲದಿಂದ ಅವರು ಅದನ್ನು ಖಾಲಿ ಬಿಟ್ಟೇ ನಡೆಯುತ್ತಿದ್ದರು. ಹಕ್ಕಿಗಳ ಹಿಂಡೊಂದು ಬೆನ್ನು ತೋರಿಸುತ್ತಾ ಅಡ್ಡ ಹಾದಾಗ, ಇವು ಸರಿದರೆ ಸಾಕೆಂದು ಅವನು ಕಾದ.

ಸರಿದಾಗ ಇಬ್ಬರೇ ಕಂಡರು. ದೊರೆ ಎಲ್ಲಿ? ಹಿಂದೆ ಉಳಿದವನು, ಕಂಟೇನರುಗಳ ಮೂಲೆ ಬಳಸುವ ಬದಲು ಎರಡು ಸಾಲಿನ ಸಂದಿಯಲ್ಲಿ ನುಗ್ಗಿ ಅಡ್ಡದಾರಿ ಹಿಡಿದಿದ್ದ, ಕಳ್ಳಬೆಕ್ಕಿನ ಹಾಗೆ. ಕೆಳಗಿನವರಿಗೆ ಅದು ಕಾಣುವಂತಿರಲಿಲ್ಲ. ಮೇಲಿನಣ್ಣ ಹಾರ್ನಿನ ಗುಂಡಿಯನ್ನು ಒತ್ತಿ ಹಿಡಿದ. ಇಡೀ ಬಂದರು ಬೆಚ್ಚಿತು. ದೊರೆ ಬೆನ್ನಿಗೆ ಏಟು ಬಿದ್ದವನಂತೆ ನೆಗೆದು, ಮೇಲೆ ನೋಡಿ, ಕೋಲು ಎತ್ತಿ ಬೀಸಿದ. ಬಾಯಿ ತೆರೆದು ಏನೋ ಬೈದ. ಮಾವ ಮೊಣಕಾಲಿಗೆ ಕೈಯೂರಿ ಬಗ್ಗಿದ, ತೂಕದಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಇಬ್ಬರ ಭುಜಗಳೂ ಕುಲುಕುತ್ತಿದ್ದವು.

ಅವನು ಕಿಟಕಿಯ ಗಾಜು ಸರಿಸಿ ಕಿವಿಗೊಟ್ಟ. ಗಾಳಿ ಮಾತ್ರ ಒಳಗೆ ಬಂತು. ನಗು ಅಷ್ಟು ಎತ್ತರಕ್ಕೆ ಬರುವುದಿಲ್ಲ.