ಪೂವಪ್ಪನವರ ಹನ್ನೊಂದು ಮೌನ

ಬೆಳಗಿನ ಐದೂಕಾಲು. ಟಿಟ್ವಾಳಾದಿಂದ ಹೊರಟ ಮುಂಬೈ ಲೋಕಲ್‌ನಲ್ಲಿ ಪೂವಪ್ಪನವರು ಎರಡು ಸೀಟುಗಳ ಮೇಲೆ ಚೀಲ, ಕೊಡೆ ಇಟ್ಟು ಜಾಗ ಹಿಡಿದಿದ್ದಾರೆ. ಕಲ್ಯಾಣದಲ್ಲಿ ಅವರ ತಂಡದ ನಟರಾದ ಯೋಗೀಶ್ ಮತ್ತು ತೃಷಾ ಹತ್ತುತ್ತಾರೆ. ಕೂತದ್ದೇ ತಡ, ನಾಟಕದ ತಾಲೀಮು ಶುರು.

"ಬಾಗಿಲು ನಮ್ಮದೇ ತಾನೇ?"

"ಬಾಗಿಲು ನಮ್ಮದು. ಮನೆ ಎಲ್ಲಿ?"

ಎದುರು ಕುಳಿತ ಪ್ರಯಾಣಿಕರೊಬ್ಬರು ಕಣ್ಣು ತೆರೆದು, "ಫ್ಲ್ಯಾಟ್ ನೋಡಾಕತ್ತೀರೇನ್ರೀ? ಟಿಟ್ವಾಳಾದಾಗ ಸಸ್ತಾ ಅದಾವ" ಎನ್ನುತ್ತಾರೆ.

ಐವತ್ತೆಂಟರ ಪೂವಪ್ಪನವರು ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಏಳೂವರೆಗೆ ಇನ್ನೂರು ಮಂದಿಗೆ ಉಪ್ಪಿಟ್ಟು ಆಗಬೇಕು. ಇಪ್ಪತ್ತಾರು ವರ್ಷಗಳಿಂದ ಡೊಂಬಿವಲಿಯ ಕನ್ನಡ ನಾಟಕ ತಂಡವೊಂದಕ್ಕೆ ಪ್ರಾಂಪ್ಟರ್ ಕೂಡ ಇವರೇ. ರಂಗದ ಪಕ್ಕದಲ್ಲಿ ಮರೆಯಾಗಿ ನಿಂತು, ನಟರು ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುವ ಕೆಲಸ. ಇಲ್ಲೇ ಹುಟ್ಟಿದ ತೃಷಾಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಟ್ಟವರೂ ಇವರೇ.

ಈಗಿನ ನಾಟಕ 'ಬಾಗಿಲಿಗೊಂದು ಮನೆ'. ಅಸಂಗತ ನಾಟಕ, ಪಾತ್ರಗಳು ಎರಡೇ. ಇಬ್ಬರು ಒಂದು ಬಾಗಿಲು ಹೊತ್ತು, ಅದಕ್ಕೆ ಹೊಂದುವ ಮನೆ ಹುಡುಕುತ್ತಾರೆ. ಅರ್ಧ ಗಂಟೆಯಲ್ಲಿ ಹನ್ನೊಂದು ಮೌನ.

"ಬೇರೆ ನಾಟಕದಲ್ಲಿ ಸುಮ್ಮನಾದ ಅಂದ್ರೆ ಮರೆತ ಅಂತಲೇ. ಇದ್ರಲ್ಲಿ ಹಾಗಲ್ಲ ಮಾರಾಯ್ರೆ, ಸುಮ್ಮನೆ ನಿಲ್ಲುವುದೂ ಪಾರ್ಟೇ!" ಎನ್ನುತ್ತಾರೆ ಪೂವಪ್ಪನವರು.

ಇದು ಅವರು ಪೆಟ್ಟು ತಿಂದು ಕಲಿತದ್ದು. ಕಳೆದ ವರ್ಷ ಠಾಣೆ ನಗರದ ಪ್ರಯೋಗದಲ್ಲಿ ಯೋಗೀಶ್ ಬೇಕೆಂದೇ ಸುಮ್ಮನೆ ನಿಂತಿದ್ದಾಗ ಇವರು ಮಾತು ಎತ್ತಿಕೊಟ್ಟರು. ಅವನು ಅಲುಗಾಡದಿದ್ದಾಗ ಇನ್ನಷ್ಟು ಜೋರಾಗಿ ಹೇಳಿದರು. ಸಭೆ ಗೊಳ್ಳೆಂದಿತು. ನಿರ್ದೇಶಕ ರಮಾಕಾಂತ, "ಇನ್ನೊಂದು ಸಲ ಹೀಗಾದ್ರೆ ಪ್ರಾಂಪ್ಟಿಂಗೇ ಬೇಡ, ಪೂವಪ್ಪಣ್ಣ" ಎಂದುಬಿಟ್ಟರು.

ಎರಡು ದಿನ ಸರಿಯಾಗಿ ಊಟ ಸೇರಲಿಲ್ಲವಂತೆ. ಆಮೇಲೆ ಒಂದು ಉಪಾಯ ಹೊಳೆಯಿತು: ಮಾತು ಮರೆತವರು ಎಡಗಾಲಿನ ಚಪ್ಪಲಿ ಕಳಚಬೇಕು. ಚಪ್ಪಲಿ ಕಾಲಲ್ಲೇ ಇದ್ದರೆ ಇವರು ಬಾಯಿ ಬಿಡುವಂತಿಲ್ಲ.

ಕಳೆದ ಭಾನುವಾರ ಡೊಂಬಿವಲಿಯಲ್ಲಿ ಸ್ಪರ್ಧೆ. ಏಳನೆಯ ಮೌನ ಉದ್ದವಾಯಿತು. ಪೂವಪ್ಪನವರು ಹಲ್ಲು ಕಚ್ಚಿ ತೃಷಾಳ ಕಾಲನ್ನೇ ನೋಡುತ್ತ ನಿಂತರು. ಅವಳು ಮೆಲ್ಲಗೆ ಬಾಗಿಲಿನ ಮುಂದೆ ಚಪ್ಪಲಿ ಕಳಚಿದಳು. ಇವರು ಮಾತು ದಾಟಿಸಿದರು. ಅವಳ ಹೊರತು ಇನ್ನಾರಿಗೂ ಕೇಳಲಿಲ್ಲ.

ತೀರ್ಪುಗಾರರು ವೇದಿಕೆಗೆ ಬಂದು, "ಮನೆಯೇ ಇಲ್ಲದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟರಲ್ಲ, ನಾಟಕದ ಜೀವ ಅಲ್ಲಿದೆ" ಎಂದು ಹೊಗಳಿದರು. ರಮಾಕಾಂತ ಮರುದಿನವೇ ಅದನ್ನು ನಾಟಕದ ಪ್ರತಿಯಲ್ಲಿ ಬರೆದು ಸೇರಿಸಿದರು. "ಖಾರಘರದ ಪ್ರಯೋಗಕ್ಕೂ ನೀವೇ ನಿಲ್ಲಬೇಕು" ಎಂದು ಪೂವಪ್ಪನವರಿಗೆ ಫೋನನ್ನೂ ಮಾಡಿದರು.

ಚಪ್ಪಲಿ ಕಳಚುವುದೇ ನಾಟಕದ ಭಾಗವಾದ್ದರಿಂದ ಈಗ ರೈಲಿನಲ್ಲಿ ಹೊಸ ಗುರುತಿನ ಹುಡುಕಾಟ.

"ಅಂಕಲ್, ಅಬ್ ಭೂಲ್ ಗಯೀ ತೋ ಕ್ಯಾ ಉತಾರೂಂ?" ಇನ್ನು ಮರೆತರೆ ಏನು ಕಳಚಲಿ ಎಂದು ತೃಷಾ ಕೇಳುತ್ತಾಳೆ.

"ಎಂತದೂ ಬೇಡ. ಮರೆಯದಿದ್ರಾಯ್ತು, ಮಾರಾಯ್ತಿ."

ಕರಪತ್ರದಲ್ಲಿ ನಿಮ್ಮ ಹೆಸರು ಹಾಕುತ್ತಾರೆಯೇ ಎಂದು ಕೇಳಿದರೆ ಪೂವಪ್ಪನವರು ನಗುತ್ತಾರೆ.

"ಹೆಸರು ಎಂತಕ್ಕೆ? ಇಷ್ಟು ವರ್ಷ ಬೇರೆಯವರು ಬರೆದದ್ದನ್ನೇ ಹೇಳಿಕೊಟ್ಟದ್ದು. ಈಗ ಆ ನಾಟಕದಲ್ಲಿ ಒಂದು ಸಾಲು ನಂದೂ ಉಂಟು."